ಒಂದು ದೋಸೆಯ ಮೂರು ಕಾಪಿ

ಪರಶುರಾಮನ ಫೋನು ತನ್ನ ಹೊಟ್ಟೆ ತುಂಬೈತೆ ಅಂತ ಹೇಳೋಕೆ ಶುರು ಮಾಡಿ ಆರು ತಿಂಗಳಾಗಿತ್ತು. ಮೊದಮೊದಲು ಮೂಲೆಯಾಗೆ ಸಣ್ಣಕ್ಷರದಾಗೆ, ಮನೆಗೆ ಬಂದ ನೆಂಟ ನೀರು ಕೇಳಿದಂಗೆ ಮೆತ್ತಗೆ ಹೇಳ್ತಿತ್ತು. ಆಮೇಲೆ ನಾಚಿಕೆ ಬಿಟ್ಟು, ಬೆಳಗ್ಗೆ ಹಲ್ಲುಜ್ಜೋ ಹೊತ್ನಾಗೆ, ಊಟಕ್ಕೆ ಕುಂತಾಗ, ಅಂಗಡಿಯಾಗೆ ಗಿರಾಕಿ ಮುಂದೆ ಸೀರೆ ಬಿಚ್ಚಿ ಹಿಡಿದಾಗ, ಜಾಗ ಇಲ್ಲ, ಜಾಗ ಇಲ್ಲ ಅಂತ ಸಿಟಿ ಬಸ್ಸಿನ ಕಂಡಕ್ಟರಿನಂಗೆ ಕೂಗೋಕೆ ಹತ್ತಿತ್ತು. ತಪ್ಪು ಫೋನಿಂದಲ್ಲ. ದಾವಣಗೆರೆಯ ಒಂದೇ ಜವಳಿ ಅಂಗಡಿಯಾಗೆ ಮೂವತ್ತೊಂದು ವರ್ಷದಿಂದ ಸೀರೆ ಬಿಚ್ಚೋ ಕೆಲಸ ಅವಂದು. ಮೊದಲು ಹೆಂಗಸ್ರು ಅಂಗಡಿಗೇ ಬಂದು ನಲವತ್ತು ಸೀರೆ ಬಿಚ್ಚಿಸಿ, ಒಂದೂ ತಗಳ್ದೆ, ಬಿಸಿಲು ಜಾಸ್ತಿ ಐತೆ ಅಂತ ಹೇಳಿ ಎದ್ದು ಹೋಗ್ತಿದ್ರು. ಈಗ ಮನ್ಯಾಗೆ ಫ್ಯಾನಿನ ಕೆಳಗೆ ಕುಂತು ನಲವತ್ತು ಸೀರೆ ಫೋಟೋ ಕಳಿಸ್ಕೊಂಡು, ಒಂದೂ ತಗಳಲ್ಲ. ಅಷ್ಟೇ ಫರಕು. ಹಂಗಾಗಿ ಫೋನಿನಾಗೆ ಹದಿನಾಲ್ಕು ಸಾವಿರ ಫೋಟೋ ಕೂಡಿದ್ವು. ಹದಿಮೂರು ಸಾವಿರದ ಚಿಲ್ರೆ ಬರೀ ಸೆರಗು, ಅಂಚು, ಒಡಲು. ಉಳಿದವು ಮನೆಮಂದಿ. ಇನ್ನೂರ ಹದಿನೇಳು ಅವ್ವ. ಒಂದು ದೋಸೆ.

ಆ ಒಂದು ದೋಸೆ ಯಾರ ಕಣ್ಣಿಗೂ ಬೀಳಬಾರ್ದು. ಅದ್ರಾಗೂ ಅಕ್ಕನ ಕಣ್ಣಿಗೆ. ಇವತ್ತು ಹನ್ನೊಂದು ಗಂಟೆಗೆ ಅಕ್ಕ ಮೈಲಮ್ಮ ಹರಿಹರದಿಂದ ಬರೋಳಿದ್ಲು, ಅವ್ವನ ಫೋಟೋ ನೋಡಿ ಒಂದನ್ನ ಆರಿಸ್ಕೊಂಡು ಹೋಗೋಕೆ. ಬ್ಯಾನರಿಗೆ ಹಾಕ್ಸೋದು. ಫೋನಿನಾಗೆ ಕಳಿಸಿದ ಫೋಟೋ ದೊಡ್ಡದು ಮಾಡಿದ್ರೆ ಅವ್ವ ಮಸುಕಾಗ್ತಾಳೆ, ಕಂಪ್ಯೂಟರಿನಾಗಿಂದೇ ತರ್ರಿ ಅಂತ ಪ್ರಿಂಟಿಂಗಿನವ ಹೇಳಿದ್ದ. ಹಂಗಾಗಿ ಅಂಗಡಿಯ ವಾರದ ರಜೆಯ ದಿನ, ಬೆಳಗಿನ ಒಂಬತ್ತಕ್ಕೆ, ಎಸ್.ಎಸ್. ಬಡಾವಣೆಯ ಹಿಂದಿನ ಸಾಲಿನ ಬಾಡಿಗೆ ಮನೆಯ ಪಡಸಾಲೆಯಾಗೆ ಪರಶುರಾಮ ಕೈಯಾಗೆ ವೈರು ಹಿಡ್ಕೊಂಡು ಕುಂತಿದ್ದ. ಹೆಂಡ್ತಿ ಪುಷ್ಪಲತಾಳ ಫೋನಿನ ಸ್ಪೀಕರಿನಾಗೆ ಮಗಳು ರೂಪಶ್ರೀ ರಾಣೆಬೆನ್ನೂರಿನ ಗಂಡನ ಮನೆಯಿಂದ ಹೇಳಿಕೊಡ್ತಿದ್ಲು.

“ಅಪ್ಪಾಜಿ, ವೈರು ಚುಚ್ಚಿದ್ಯಾ?”

“ಚುಚ್ಚಿದೆ. ಒಳಗೆ ಹೋಗ್ತಾ ಇಲ್ಲ.”

“ಉಲ್ಟಾ ಹಿಡ್ದಿರ್ತೀಯ. ತಿರುಗಿಸು.”

“ತಿರುಗಿಸಿದೆ. ಈಗ ವೈರಿನ ಮೂತಿ ಕೆಂಪಗಾತು.”

“ಅಯ್ಯೋ, ಕೈ ಕುಯ್ಕೊಂಡ್ರೇನ್ರೀ?” ಅಂತ ಅಡಿಗೆಮನೆಯಿಂದ ಪುಷ್ಪಲತಾ ಓಡಿ ಬಂದ್ಲು.

ರಕ್ತ ಅಲ್ಲ, ಕುಂಕುಮ. ರೂಪಶ್ರೀ ಬಿ.ಕಾಂ. ಓದೋವಾಗ ತಂದ ಕಂಪ್ಯೂಟರದು. ಬಂದ ವರ್ಷದಿಂದ ಒಂದೂ ಆಯುಧಪೂಜೆ ತಪ್ಪಿಸ್ಕೊಂಡಿರಲಿಲ್ಲ. ವರ್ಷಕ್ಕೊಂದ್ಸಲ ಪುಷ್ಪಲತಾ ಅದರ ಡಬ್ಬಿಗೆ ಗಂಧ ಬಳಿದು, ಅರಿಷಿಣ ಕುಂಕುಮ ಏರಿಸಿ, ಚೆಂಡುಹೂವಿನ ಹಾರ ಹಾಕೋಳು. ಮುಂದೆ ಎರಡು ತೂತು ಇದ್ವು, ದೇವರ ಕಣ್ಣಿನಂಗೆ. ಅಲ್ಲಿಗೇ ಕುಂಕುಮ ಹಚ್ಚಿದ್ರೆ ಲಕ್ಷಣವಾಗಿ ಕಾಣ್ತೈತೆ ಅಂತ ಹಚ್ಚಿದ್ಲು. ಎಂಟು ವರ್ಷದ ಭಕ್ತಿ ಆ ತೂತಿನಾಗೆ ಗಟ್ಟಿಯಾಗಿ ಕುಂತಿತ್ತು. ಪರಶುರಾಮ ಪಿನ್ನು ತಗಂಡು ಕೆರೆದ. ಕೆರೆದಷ್ಟೂ ಬಂತು. ಪುಷ್ಪಲತಾ ಕೆಳಗೆ ಪೇಪರ್ ಹಿಡಿದು, “ಪೂಜೆದು, ತುಳಿಬ್ಯಾಡ್ರಿ” ಅಂತ ಅಷ್ಟನ್ನೂ ಕೂಡಿಸಿ, ಒಂದು ಚಿಟಿಕೆ ತನ್ನ ಹಣೆಗೆ ಇಟ್ಕೊಂಡು, ಉಳಿದದ್ದನ್ನ ದೇವರ ಮನೆಗೆ ವಾಪಸ್ ಕೊಟ್ಲು.

ಇಷ್ಟೆಲ್ಲಾ ಒದ್ದಾಟ ಯಾಕೆ, ಕ್ಲೌಡಿಗೆ ಹಾಕಿದ್ರೆ ಮುಗೀತು ಅಂತ ಅಂಗಡಿಯಾಗೆ ಎಲ್ರೂ ಹೇಳಿದ್ರು. ಈ ಮನ್ಯಾಗೆ ಆ ಪದ ಎತ್ತಂಗಿಲ್ಲ. ರೂಪಶ್ರೀ ಮದುವೆಯಾದ ಹೊಸದ್ರಾಗೆ ಅಪ್ಪನ ಫೋನಿಗೂ ಅವಳ ಅಕೌಂಟಿಗೂ ಅದ್ಯಾವುದೋ ಗಂಟು ಬಿದ್ದಿತ್ತು. ಅದೇ ವಾರ ಪರಶುರಾಮನ ಬೆನ್ನ ಮೇಲೆ ಒಂದು ಕುರು ಎದ್ದು, ಅದು ಎಷ್ಟು ದೊಡ್ಡದೈತೆ ಅಂತ ಅವನಿಗೇ ತೋರ್ಸೋಕೆ ಪುಷ್ಪಲತಾ ನಾಲ್ಕು ಕಡೆಯಿಂದ ಫೋಟೋ ತೆಗೆದಿದ್ಲು. ಸಂಜೆ ರಾಣೆಬೆನ್ನೂರಿನಾಗೆ ಬೀಗರ ಮನೆಮಂದಿಯೆಲ್ಲಾ ಚಹಾ ಕುಡೀತಾ ಕುಂತಾಗ, ನಲವತ್ಮೂರು ಇಂಚಿನ ಟೀವಿ ತಾನಾಗೇ, ಹಿನ್ನೆಲೆಯಾಗೆ ಕೊಳಲು ನುಡಿಸಿ, ಆ ಕುರುವನ್ನ ನಾಲ್ಕು ಕಡೆಯಿಂದಲೂ ತೋರಿಸ್ತು. ಬೀಗರು ಮರ್ಯಾದಸ್ತರು. ಚಹಾ ಮಾತ್ರ ಕೆಳಗಿಟ್ರು. ಅವತ್ತಿಂದ ಇವತ್ತಿನವರೆಗೂ ಬೀಗರು ಫೋನ್ ಮಾಡಿದ್ರೆ ಮೊದಲ ಮಾತು, “ಈಗ ಹೆಂಗೈತ್ರಿ?” ಏನು ಅಂತ ಅವರು ಹೇಳಲ್ಲ, ಇವನು ಕೇಳಲ್ಲ. ನಮ್ಮ ಫೋಟೋ ನಮ್ಮ ಮನ್ಯಾಗೇ ಬಿದ್ದಿರ್ಲಿ, ಊರ ಮ್ಯಾಲಿನ ಮೋಡದಾಗೆ ಬ್ಯಾಡ ಅಂತ ಪುಷ್ಪಲತಾ ಅವತ್ತೇ ಕಾನೂನು ಮಾಡಿದ್ಲು.

ವೈರು ಕೊನೆಗೂ ಒಳಗೆ ಹೋಯ್ತು. ಮಗಳು ಹೇಳಿದಲ್ಲೆಲ್ಲಾ ಒತ್ತಿದ. ಪರದೆ ಮೇಲೆ ಹಸಿರು ಗೆರೆ ಒಂದು ಹುಳದಂಗೆ ತೆವಳೋಕೆ ಹತ್ತಿತು. ಹಳೇ ಫೋಟೋ ಮೊದಲು, ಹೊಸವು ಆಮೇಲೆ. ಮೂರು ಪರ್ಸೆಂಟು, ಏಳು ಪರ್ಸೆಂಟು. ವೈರಿನಾಗೆ ಈಗ ಯಾರು ಹೋಗ್ತಿದಾರೋ ಅಂತ ಪರಶುರಾಮ ನೋಡ್ತಾ ಕುಂತ. ಒಂದು ಹಸಿರು ಸೀರೆ, ಒಂದು ಬದನೆಕಾಯಿ ಬಣ್ಣದ್ದು, ಮಧ್ಯ ಸಂದಿಯಾಗೆ ಅವ್ವ, ಮತ್ತೆ ಸೀರೆ. ಹನ್ನೆರಡು ಪರ್ಸೆಂಟು. ಎರಡು ವರ್ಷದ ಹಿಂದಿನ ಒಂದು ದಿನ ನೆನಪಾತು, ಅವ್ವ ಮಂಚದ ಮೇಲೆ ಎದ್ದು ಕುಂತಿದ್ಲು. ಹರಿಹರದಾಗೆ ಅಕ್ಕನ ಮನೆಯ ಮುಂದಿನ ಕೋಣೆ, ಕಿಟಕಿಯಾಗೆ ಬಿಸಿಲು, ಅಕ್ಕ ಹಿತ್ತಲಾಗೆ ಬಟ್ಟೆ ಹಿಂಡ್ತಿದ್ಲು. ಅವ್ವ ತಲೆ ಮೇಲೆ ಸೆರಗು ಎಳ್ಕೊಂಡು, “ಬರ್ರಿ, ಕೂಡ್ರಿ” ಅಂದ್ಲು. ಪರಶುರಾಮ ಹಿಂದಕ್ಕೆ ತಿರುಗಿ ನೋಡಿದ, ತನ್ನ ಹಿಂದೆ ಯಾರಾರ ಬಂದ್ರೇನೋ ಅಂತ. ಯಾರೂ ಇರಲಿಲ್ಲ. “ಯಾವೂರ್ರಿ ನಿಮ್ದು?” ಅಂದ್ಲು ಅವ್ವ. ಐವತ್ತು ವರ್ಷದಿಂದ ಲೇ, ಬಾರಲೇ, ಹಾಳಾದವನೇ ಅಂದ ಬಾಯಿ ಅದು. ಏನು ಹೇಳ್ಬೇಕು? “ದಾವಣಗೆರೆರೀ” ಅಂದ. ಅವ್ವನ ಮುಖ ಅರಳ್ತು. “ಓ, ನನ್ನ ಮಗನೂ ಅಲ್ಲೇ ಅದಾನೆ. ಜವಳಿ ಅಂಗಡಿಯಾಗೆ. ಭಾಳ ಒಳ್ಳೇನು, ಒಂದೀಟು ಅಂಜುಬುರುಕ. ನೀವು ಊರಿಗೆ ಹೋದಾಗ ಕಂಡ್ರೆ ಒಂದ್ ಮಾತು ಹೇಳ್ರಿ, ಬರ್ತಾ ಬೆಣ್ಣೆ ದೋಸೆ ತಗಂಬಾ ಅಂತ.” ಹೇಳ್ತೀನ್ರಿ ಅಂದ ಪರಶುರಾಮ. ಆಮೇಲೆ ಎದ್ದು, ನೆಂಟರ ಮನೆಯಿಂದ ಎದ್ದಂಗೆ ಕೈಮುಗಿದು, ಹಿತ್ತಲಾಗಿದ್ದ ಅಕ್ಕನಿಗೂ ಹೇಳದೆ, ಬಸ್ ಹತ್ತಿ ದಾವಣಗೆರೆಗೆ ಬಂದು, ತನಗೆ ತಾನೇ ಆ ಮಾತು ಮುಟ್ಟಿಸಿದ. ಇದನ್ನ ಅವನು ಯಾರಿಗೂ ಹೇಳಿರಲಿಲ್ಲ. ಹೇಳೋದಾದ್ರೂ ಹೆಂಗೆ? ಅವ್ವ ನಂಗೆ ಕೂಡ್ರಿ ಅಂದ್ಲು ಅಂತ ಅಳೋದಾ?

ಹಸಿರು ಗೆರೆ ಮೂವತ್ತೊಂದಕ್ಕೆ ನಿಂತುಬಿಡ್ತು. ಒಳಗೆ ಇನ್ನೂ ಕುಂಕುಮ ಇತ್ತೋ ಏನೋ, ವೈರು ಸಡಿಲಾಗಿತ್ತು. “ಹಿಂದಿನ ತೂತಿಗೆ ಹಾಕು ಅಪ್ಪಾಜಿ, ಅಲ್ಲಿಗೆ ಅಮ್ಮ ಪೂಜೆ ಮಾಡಿರಲ್ಲ” ಅಂದ್ಲು ರೂಪಶ್ರೀ. ಹಾಕಿದ. ಮತ್ತೆ ಮೊದಲಿಂದ ಶುರು. ಈ ಸಲ ನಲವತ್ತೆಂಟರವರೆಗೆ ಚಲೋ ಹೋಯ್ತು. ಆಗ ಅವನ ಫೋನು ಹೊಡ್ಕೊಂತು. ಅಕ್ಕ. ಅಕ್ಕನ ಫೋನು ಅಂದ್ರೆ ಪರಶುರಾಮ ಎದ್ದು ನಿಂತೇ ಮಾತಾಡೋದು, ಎರಡು ವರ್ಷದಿಂದ ರೂಢಿ ಆಗಿತ್ತು. ಎದ್ದ. ವೈರು ಕಿತ್ಕೊಂಡು ಜೊತೆಗೇ ಬಂತು.

“ಬಸ್ ಹತ್ತಿದೀನಿ ಕಣಲೇ ಪರಸ್ಯಾ. ಪಕ್ಕದ ಸೀಟಿನವ್ರ ಹತ್ರನೂ ಎರಡು ಸಹಿ ಹಾಕಿಸ್ದೆ. ಫೋಟೋ ರೆಡಿ ಐತೇನು?”

“ಆಗ್ತಾ ಐತಕ್ಕ.”

ಸಹಿ ಅಂದ್ರೆ ಗೇಟಿನ ಅರ್ಜಿ. ಹರಿಹರದಾಗೆ ಅಕ್ಕನ ಓಣಿಗೆ ಹೋಗೋ ದಾರಿಯಾಗೆ ಒಂದು ರೈಲ್ವೆ ಗೇಟು ಐತೆ. ಅದು ಬಿತ್ತು ಅಂದ್ರೆ ಒಂದು ಗೂಡ್ಸು, ಅದರ ಹಿಂದೆ ಒಂದು ಪ್ಯಾಸೆಂಜರು, ಆಮೇಲೆ ಯಾವುದೂ ಬರ್ದೆ ಸುಮ್ನೆ ಹತ್ತು ನಿಮಿಷ. ಆ ಗೇಟಿನಾಗೆ ಸಿಕ್ಕಿಬಿದ್ದು ನನ್ನ ತಮ್ಮ ಅವ್ವನ ಕೊನೇ ಉಸಿರಿಗೆ ಮುಟ್ಟಲಿಲ್ಲ, ಅಲ್ಲಿ ಹಳಿ ಕೆಳಗೆ ದಾರಿ ಆಗ್ಬೇಕು ಅಂತ ಮೈಲಮ್ಮ ಎರಡು ವರ್ಷದಿಂದ ಸಹಿ ಕೂಡಿಸ್ತಿದ್ಲು. ಎರಡು ಸಾವಿರದ ಮುನ್ನೂರು ಸಹಿ ಆಗಿದ್ವು. ನಾಳೆ ಅವ್ವನ ಫೋಟೋದ ಬ್ಯಾನರು ಹಿಡ್ಕೊಂಡು ಹೋಗಿ ಅರ್ಜಿ ಕೊಡೋದಿತ್ತು. ಊರಾಗೆ ಅವಳಿಗೆ ಗೇಟ್ ಮೈಲಮ್ಮ ಅಂತಲೇ ಹೆಸರು ಬಿದ್ದಿತ್ತು. ಅಳತೆ ತಗಳಾಕೆ ಬಂದ ಒಬ್ಬ ಸಾಹೇಬ ಅದೇ ಗೇಟಿನಾಗೆ ಮುಕ್ಕಾಲು ಗಂಟೆ ನಿಂತು, ಅಳತೆ ಟೇಪು ಬಿಚ್ಚದೆ, ಕಾರಿನ ಕಿಟಕಿಯಾಗಿಂದಲೇ ತಾನೂ ಒಂದು ಸಹಿ ಹಾಕಿ ವಾಪಸ್ ಹೋದ ಅಂತ ಹರಿಹರದಾಗೆ ಆಣೆ ಇಟ್ಟು ಹೇಳೋರು ಅದಾರೆ.

ಗೇಟು ಅವತ್ತು ಬಿದ್ದಿರಲಿಲ್ಲ. ಬಿದ್ದಿದ್ರೂ ಪರಶುರಾಮನಿಗೆ ಗೊತ್ತಾಗ್ತಿರಲಿಲ್ಲ, ಅವನು ದಾವಣಗೆರೆ ಬಿಟ್ಟೇ ಇರಲಿಲ್ಲ. ಬೆಳಗ್ಗೆ ಏಳೂವರೆಗೇ ಹೋಟೆಲಿನಾಗೆ ಅವ್ವನ ದೋಸೆ ಕಟ್ಟಿಸಿ ಆಗಿತ್ತು. ಬಾಳೆಎಲೆ, ಮೇಲೆ ಪೇಪರು, ಬಿಳೀ ದಾರ. ಎದ್ದು ಹೋಗೋದಷ್ಟೇ. ಎದ್ದೇಳೋಕೆ ಆಗಲಿಲ್ಲ. ಈ ಪೊಟ್ಟಣ ಹಿಡ್ಕೊಂಡು ಹೋದ್ರೆ ಮಗ ಅಂತ ಗುರುತು ಹಿಡಿತಾಳೋ, ಹೋಟೆಲಿನವ್ರು ಕಳಿಸ್ಯಾರೇನ್ರಿ ಅಂತ ಕೇಳ್ತಾಳೋ? ಕುಂತಿರೋಕೆ ಒಂದು ನೆಪ ಬೇಕಲ್ಲ ಅಂತ ತನಗೂ ಒಂದು ದೋಸೆ ಹೇಳಿದ. ಬಂತು. ಮ್ಯಾಲೆ ಬೆಣ್ಣೆ ಕರಗ್ತಾ ಇತ್ತು. ಫೋಟೋ ತೆಗೆದ, ಅಕ್ಕನ ಫೋನಿಗೆ ಕಳಿಸಿ, ಅವ್ವಂಗೆ ತೋರ್ಸು, ನಿನ್ನ ಮಗ ತರ್ತಿದಾನೆ ಅಂತ ಹೇಳು ಅನ್ನೋಕೆ. ಕಳಿಸ್ಲಿಲ್ಲ, ಮೊದಲು ಒಂದು ತುತ್ತು ತಿಂದು ಧೈರ್ಯ ತಗಳಣ ಅಂತ. ತುತ್ತು ಬಾಯಾಗೆ ಇರುವಾಗಲೇ ಅಕ್ಕನ ಫೋನು. ಅವ್ವ ಹೋದ್ಲಲೇ. ಎಲ್ಲಿದ್ದೀಯಲೇ? ಗೇಟು ಬಿದ್ದೈತಕ್ಕ ಅಂತ ಅಂದದ್ದು ಅವನಲ್ಲ, ಅವನ ಬಾಯಿ. ಅದೇ ಹೊತ್ತಿಗೆ ದೋಸೆ ಭಟ್ಟ ಕಾದ ಕಾವಲಿ ಮೇಲೆ ನೀರು ಎರಚಿ ಪೊರಕೆ ಎಳೆದ. ಏನಲೇ ಅದು ಸದ್ದು? ರೈಲು ಹೋಗ್ತೈತಕ್ಕ.

ಪುರಾಣದ ಪರಶುರಾಮ ಅಪ್ಪ ಹೇಳಿದ ಅಂತ ತಾಯಿ ಮೇಲೆ ಕೊಡಲಿ ಎತ್ತಿದ. ಈ ಪರಶುರಾಮ ಯಾರೂ ಹೇಳದೆ ದೋಸೆ ತಿಂದ.

ಅಷ್ಟಕ್ಕೇ ಮುಗಿದಿದ್ರೂ ಹೆಂಗೋ ಆಗ್ತಿತ್ತು. ಹೊಳೆ ದಂಡೆ ಮೇಲೆ ಅವ್ವನ ಹೆಸರಿನಾಗೆ ಎಡೆ ಇಟ್ಟು ಎಲ್ರೂ ದೂರ ನಿಂತಾಗ ಕಾಗೆ ಮುಟ್ಟಲಿಲ್ಲ. ಒಂದು ಕಾಗೆ ಬಂತು, ಸುತ್ತ ನಡೀತು, ಹೋಳಿಗೆ ನೋಡ್ತು, ಅನ್ನ ನೋಡ್ತು, ಇನ್ನೇನೋ ಹುಡುಕಿದಂಗೆ ಮಾಡಿ ಕಲ್ಲಿನ ಮೇಲೆ ಹೋಗಿ ಕುಂತಿತು. ಅವ್ವಂದು ಏನೋ ಆಸೆ ಉಳಿದೈತೆ ಅಂತ ಹಿರೇರು ಪಿಸುಗುಟ್ಟಿದ್ರು. ಮೊಮ್ಮಕ್ಕಳನ್ನ ಚಲೋ ನೋಡ್ಕೊಂತೀವಿ ಅಂದ್ರು, ಕಾಗೆ ಅಲ್ಲಾಡಲಿಲ್ಲ. ಅಕ್ಕ ತಮ್ಮ ಜಗಳ ಆಡಲ್ಲ ಅಂದ್ರು, ಕಾಗೆ ನಂಬಲಿಲ್ಲ. ಪರಶುರಾಮನಿಗೆ ಗೊತ್ತಿತ್ತು ಅದು ಏನು ಹುಡುಕ್ತೈತೆ ಅಂತ. ಬಾಯಿ ಬಿಡೋಣ ಅನ್ನೋಷ್ಟರಾಗೆ ಮೈಲಮ್ಮ ಮುಂದೆ ಹೋಗಿ, “ಆ ಹಾಳು ಗೇಟಿಗೆ ಒಂದು ಗತಿ ಕಾಣಿಸ್ತೀನವ್ವಾ, ನನ್ನಾಣೆ!” ಅಂತ ಕೂಗಿದ್ಲು. ಕಾಗೆ ಟಪ್ ಅಂತ ಹಾರಿ ಬಂದು ಹೋಳಿಗೆಗೆ ಬಾಯಿ ಹಾಕ್ತು. ಎಲ್ರೂ ಕೈಮುಗಿದ್ರು. ಅವನೂ ಮುಗಿದ. ಅವತ್ತಿಂದ ಅವನ ಸುಳ್ಳಿಗೆ ಒಂದು ಕಾಗೆಯ ಸಾಕ್ಷಿ ಸಿಕ್ತು, ಆಮೇಲೆ ಎರಡು ಸಾವಿರದ ಮುನ್ನೂರು ಜನರದ್ದು. ನಾಳೆ ಬ್ಯಾನರಿನ ಮೇಲೆ ಅವ್ವನೂ ನಿಂತು ಹೇಳೋಳಿದ್ಲು.

ಮೂರನೇ ಸಲ ವೈರು ಹಾಕಿ, ಅಲ್ಲಾಡ್ದಂಗೆ ಅದರ ಪಕ್ಕ ಉಸಿರು ಹಿಡಿದು ಕುಂತ. ನೂರಕ್ಕೆ ನೂರು ಆಯ್ತು. ಆದ್ರೆ ಮೂರು ಸಲ ಇಳಿಸಿದ್ದು ಮೂರು ಕಡೆ ಬಿದ್ದಿತ್ತು. ಎಲ್ಲಾ ಒಂದೇ ಕಡೆ ಹಾಕು ಅಂದ್ಲು ಮಗಳು. ಹಾಕುವಾಗ ಕಂಪ್ಯೂಟರು ಕೇಳ್ತು, ಈ ಹೆಸರಿನ ಫೋಟೋ ಈಗಾಗ್ಲೇ ಐತೆ, ಹಳೇದು ಬಿಸಾಕ್ಲೋ, ಎರಡೂ ಇಟ್ಕಂತೀಯೋ ಅಂತ. ಬಿಸಾಕೋದು ಅಂದ್ರೆ ಪರಶುರಾಮನಿಗೆ ಆಗಲ್ಲ. ಅಂಗಡಿಯಾಗೆ ಒಂದು ಗೇಣು ತುಂಡು ಬಟ್ಟೆಯನ್ನೂ ಮಡಚಿ ಎತ್ತಿಡೋ ಕೈ ಅದು. ಎರಡೂ ಇಟ್ಕಂತೀನಿ ಅಂದ. ಮತ್ತೆ ಕೇಳ್ತು, ಮತ್ತೆ ಇಟ್ಕಂತೀನಿ ಅಂದ. “ತಾರೀಖಿನ ಪ್ರಕಾರ ಸಾಲಾಗಿ ನಿಂತಾವೆ ಅಪ್ಪಾಜಿ, ಗಂಟೆ ನಿಮಿಷ ಸಮೇತ. ಹರಿಹರದ ಅತ್ತೆಗೆ ಹುಡುಕೋಕೆ ಸಲೀಸು. ಇನ್ನು ಫೋನಿನಾಗಿನ ಸೀರೆ ಅಳಿಸ್ಕ” ಅಂತ ಹೇಳಿ ರೂಪಶ್ರೀ ಫೋನ್ ಇಟ್ಲು. ಸೀರೆ ಅಳಿಸ್ತಾ ಕುಂತವನಿಗೆ ಮನೆಮುಂದೆ ಆಟೋ ನಿಂತ ಸದ್ದು ಕೇಳ್ತು. “ಏನ್ರೀ, ಮೈಲಕ್ಕ ಬಂದ್ರು” ಅಂದ್ಲು ಪುಷ್ಪಲತಾ. ಎರಡು ವರ್ಷದಿಂದ ಆಗದ ಕೆಲಸ ಆಗ ಅರೆಗಳಿಗೆಯಾಗೆ ಆಯ್ತು. ದೋಸೆ ಹುಡುಕಿದ, ಒತ್ತಿದ, ಅಳಿಸಿದ. ಎದೆ ಹಗುರಾಯ್ತು. ಆಮೇಲೆ ಕಂಪ್ಯೂಟರಿನ ಕಡೆ ನೋಡಿದ. ಹಳೇ ಫೋಟೋ ಮೂರು ಸಲ ಇಳಿದಿದ್ವು. ಫೋನಿನಾಗೆ ಒಂದು ದೋಸೆ ಸತ್ತಿತ್ತು, ಅಲ್ಲಿ ಮೂರು ಹುಟ್ಟಿದ್ವು. ದೇವಿ ಮುಂದೆ ರಕ್ತಬೀಜಾಸುರ ನಿಂತಂಗೆ.

ಮೈಲಮ್ಮ ಚಪ್ಪಲಿ ಬಿಟ್ಟು, ಕೈಕಾಲು ತೊಳ್ಕೊಂಡು, ಸಹಿ ಪುಸ್ತಕದ ಚೀಲವನ್ನ ಕುರ್ಚಿ ಮೇಲೆ ಇಟ್ಟು, ತಾನು ಸ್ಟೂಲಿನ ಮೇಲೆ ಕುಂತ್ಲು.

“ಏನಲೇ, ಇದಕ್ಕೂ ಕುಂಕುಮ ಇಟ್ಟೀಯ? ಕಂಪ್ಯೂಟರನ್ನೂ ಮುತ್ತೈದೆ ಮಾಡಿದ್ರೇನು ಗಂಡ ಹೆಂಡ್ತಿ ಸೇರಿ?”

“ಅದೇ ಮೈಲಕ್ಕ, ಅದರ ದೆಸೆಯಿಂದನೇ ಇವತ್ತು ಕೆಟ್ಟಿದ್ದು” ಅಂದ್ಲು ಪುಷ್ಪಲತಾ, ಮಜ್ಜಿಗೆ ಲೋಟ ಕೊಡ್ತಾ.

“ದೇವ್ರು ಮಾಡಿದ್ದಲ್ಲ ಬಿಡವ್ವ, ನನ್ನ ತಮ್ಮ ಮಾಡಿರ್ತಾನೆ. ತೋರ್ಸಲೇ.”

ಸಾಲು ಮೇಲಕ್ಕೆ ಸರೀತಾ ಹೋಯ್ತು. ಬಾಗಿಲಾಗೆ ಅಕ್ಕಿ ಆರಿಸ್ತಿದ್ದ ಅವ್ವ. ರೂಪಶ್ರೀ ಮದುವೆಯಾಗೆ ಹೊಸ ಸೀರೆಯ ಬೆಲೆಚೀಟಿ ಕೀಳದೆ ಉಟ್ಕೊಂಡ ಅವ್ವ. ಕ್ಯಾಮೆರಾ ಕಡೆ ಕೈ ಅಡ್ಡ ಹಿಡಿದು ಬೈತಿರೋ ಅವ್ವ.

“ಎಲ್ಲಾ ಮೂರ್ಮೂರು ಅದಾವಲ್ಲೋ?”

“ಭದ್ರವಾಗಿರ್ಲಿ ಅಂತ.”

“ಚಲೋ ಮಾಡಿದಿ. ಒಂದು ಸುಟ್ಟುಹೋದ್ರೂ ಎರಡು ಉಳೀತಾವೆ.” ಅಂತ ಅಕ್ಕ ಸೆರಗಿನಿಂದ ಪರದೆ ಮೇಲಿನ ಧೂಳು ಒರೆಸಿದ್ಲು, ಅವ್ವನ ಮುಖ ಒರೆಸಿದಂಗೆ. “ಮುಂದೆ ಹೋಗು. ಕೊನೇದು ತೋರ್ಸು. ಅವ್ವ ಇರೋವಾಗ ತೆಗೆದ ಕೊನೇದು.”

ಪರಶುರಾಮ ಮೌಸು ಹಿಡಿದು ತಡ ಮಾಡಿದ. ಈಗ ಕರೆಂಟು ಹೋಗ್ಲಿ ಅಂತ ಬೇಡ್ಕೊಂಡ. ಫ್ಯಾನು ಇನ್ನೂ ಜೋರಾಗಿ ತಿರುಗ್ತು. ಅಷ್ಟರಾಗೆ ಅಡಿಗೆಮನೆಯಿಂದ ಪುಷ್ಪಲತಾ, “ಮೈಲಕ್ಕ, ಮಂಡಕ್ಕಿಗೆ ಖಾರ ಎಷ್ಟಿರ್ಲಿ, ಬಂದು ನೋಡ್ರಿ” ಅಂತ ಕರೆದ್ಲು. ಖಾರದ ವಿಷಯದಾಗೆ ಮೈಲಮ್ಮ ಯಾರನ್ನೂ ನಂಬಲ್ಲ. ಎದ್ದು ಹೋದ್ಲು.

ಸರ ಸರ ಇಳಿಸಿದ. ಬಂತು ಆ ದಿನ. ಒಂದರ ಪಕ್ಕ ಒಂದು ಮೂರು ದೋಸೆ. ಎಂಟು ಗಂಟೆ ಹದಿನೇಳು ನಿಮಿಷ. ಮೂರನ್ನೂ ಹಿಡಿದು ಅಳಿಸೋ ಗುಂಡಿ ಒತ್ತಿದ. ನಿಜವಾಗ್ಲೂ ಅಳಿಸ್ಲೇನು ಅಂತ ಕೇಳ್ತು ಕಂಪ್ಯೂಟರು. ಒಳಗೆ ಅಕ್ಕನ ನಗು, ಮೆಣಸಿನಕಾಯಿ ಹುರಿದ ಘಾಟು. ಇದನ್ನ ಒಂದ್ಸಲ ಒತ್ತಿದ್ರೆ ಗೇಟು ನಿಜ ಆಗ್ತೈತೆ, ರೈಲು ನಿಜ ಆಗ್ತೈತೆ, ಪರಶುರಾಮ ಬಿಸಿಲಾಗೆ ಗೇಟಿನ ಕಂಬಿ ಹಿಡ್ಕೊಂಡು ಅಳ್ತಾ ನಿಂತ ಮಗ ಆಗ್ತಾನೆ. ಆ ಮಗನನ್ನ ಅವನು ಒಂದೊಂದು ಸಲ ತಾನೇ ನಂಬಿದ್ದೂ ಉಂಟು. ಆದ್ರೆ ಫೋನಿನಾಗೆ ಹೋಗಿತ್ತು, ಇಲ್ಲೂ ಹೋದ್ರೆ ಆ ದೋಸೆ ಎಲ್ಲೂ ಇಲ್ಲ. ಹದಿನಾಲ್ಕು ಸಾವಿರದಾಗೆ ಅವ್ವ ಕೇಳಿದ್ದು, ಅವ್ವಂಗೆ ಅಂತ ತೆಗೆದದ್ದು, ಇದೊಂದೇ. ಸೀರೆ ಯಾರಿಗೋ. ಇದು ಅವಳಿಗೆ. ಬ್ಯಾಡ ಅಂತ ಒತ್ತಿದ.

“ಅಕ್ಕ, ಇಲ್ಲಿ ಬಾ.”

ಮೈಲಮ್ಮ ಮಂಡಕ್ಕಿ ತಟ್ಟೆ ಹಿಡ್ಕೊಂಡೇ ಬಂದ್ಲು. ಬಗ್ಗಿ ನೋಡಿದ್ಲು. “ಇದೇನಲೇ, ದೋಸೆ?” ಕೆಳಗಿನ ತಾರೀಖು ಓದಿದ್ಲು. ಗಂಟೆ ಓದಿದ್ಲು. ತಟ್ಟೆ ಕೆಳಗಿಟ್ಲು.

“ಗೇಟು ಬಿದ್ದಿರಲಿಲ್ಲಕ್ಕ. ನಾನು ಹೋಟೆಲಿನಾಗಿದ್ದೆ.”

ಅಡಿಗೆಮನೆಯಾಗೆ ಬಾಣಲಿ ಸದ್ದು ನಿಂತಿತು. ಮೈಲಮ್ಮ ಹೋಗಿ ಕುರ್ಚಿ ಮೇಲಿದ್ದ ಸಹಿ ಪುಸ್ತಕದ ಚೀಲ ಎತ್ತಿ ಎದೆಗೆ ಅವಚಿಕೊಂಡ್ಲು. ಚಪ್ಪಲಿ ಹತ್ರ ಹೋದ್ಲು. ಒಂದು ಕಾಲಿಗೆ ಹಾಕಿದ್ಲು. ಇನ್ನೊಂದು ಕಾಲು ಬರಿಗಾಲು. ಹಂಗೇ ನಿಂತ್ಲು, ಬಾಗಿಲಿಗೆ ಮುಖ ಮಾಡಿ. ಅಂಗಡಿಯಾಗೆ ಗಿರಾಕಿ ಎದ್ದು ಹೋಗೋ ಹೊತ್ತು ಪರಶುರಾಮನಿಗೆ ಬೆನ್ನು ನೋಡಿದ್ರೇ ತಿಳೀತದೆ. ಈ ಬೆನ್ನು ಅವನಿಗೆ ತಿಳೀಲಿಲ್ಲ.

“ಆ ಪೊಟ್ಟಣ ಯಾರಿಗೆ?” ಅಂತ ಕೇಳಿದ್ಲು, ತಿರುಗದೆ.

ಅವನು ಪರದೆ ನೋಡಿದ. ತಟ್ಟೆ ಹಿಂದೆ, ಬೆಳಕಿನಾಗೆ, ಬಿಳೀ ದಾರ ಕಟ್ಟಿದ ಪೊಟ್ಟಣ. ಎರಡು ವರ್ಷದಾಗೆ ನೂರು ಸಲ ಈ ಫೋಟೋ ನೋಡಿದ್ದ. ಅವನ ಕಣ್ಣಿಗೆ ಬೀಳ್ತಿದ್ದದ್ದು ತಾನು ಮುರಿದ ತುತ್ತಿನ ಜಾಗ ಮಾತ್ರ, ಫೋಟೋದಾಗೆ ಇನ್ನೂ ಮುರೀದೇ ಇದ್ದದ್ದು.

“ಅವ್ವಂಗೆ. ಹಿಂದಿನ ದಿನ ಕೇಳಿದ್ಲು.” ಆಮೇಲೆ ಎಲ್ಲಾ ಬಂತು. ಬರ್ರಿ ಅಂದದ್ದು, ಕೂಡ್ರಿ ಅಂದದ್ದು, ದಾವಣಗೆರೆರೀ ಅಂದದ್ದು, ನನ್ನ ಮಗಂಗೆ ಹೇಳ್ರಿ ಅಂದದ್ದು. ಹೇಳ್ತಾ ಹೇಳ್ತಾ ಅದು ಅಳೋ ವಿಷಯವೋ ನಗೋ ವಿಷಯವೋ ಅವನಿಗೇ ಗೊತ್ತಾಗ್ಲಿಲ್ಲ. “ದೋಸೆ ತಗಂಡು ಹೋದ್ರೂ ಯಾರ್ರಿ ಅಂದ್ಲು ಅಂದ್ರೆ ಏನ್ ಮಾಡ್ಲಿ ಅಂತ ಕುಂತಿದ್ದೆ ಅಕ್ಕ. ಕುಂತೇಬಿಟ್ಟೆ.”

ಮೈಲಮ್ಮ ತಿರುಗಿದ್ಲು. ಅವಳ ಮುಖದಾಗೆ ಸಿಟ್ಟು ಇತ್ತು, ಆದ್ರೆ ಸಿಟ್ಟಿನ ಮೇಲೆ ಇನ್ನೇನೋ ಬಂದು ಕುಂತಿತ್ತು, ಕಳೆದುಹೋದ ಬೀಗದಕೈ ಸಿಕ್ಕವರ ಮುಖದಂಗೆ.

“ನೀನೇನಲೇ ಆ ದಾವಣಗೆರೆಯವ್ರು?”

“ಏನಕ್ಕ?”

“ಅವತ್ತು ಬೆಳಗ್ಗೆ ಎದ್ದೋಳೇ ಕೇಳಿದ್ಲು. ನಿನ್ನೆ ದಾವಣಗೆರೆಯವ್ರು ಒಬ್ರು ಬಂದಿದ್ರಲ್ಲ, ನನ್ನ ಮಗಂಗೆ ಹೇಳಿರ್ತಾರೇನು ಅಂತ. ಯಾರವ್ವ ಅಂದೆ. ಯಾರೋ ಏನೋ, ಭಾಳ ಮರ್ಯಾದಸ್ತರು, ಹೋಗುವಾಗ ಕೈಮುಗಿದು ಹೋದ್ರು, ಅಂಥವ್ರು ಹೇಳೇ ಹೇಳ್ತಾರೆ ಬಿಡು ಅಂದ್ಲು. ಅದೇ ಕಡೇ ಮಾತು. ಗೋಡೆ ಕಡೆ ತಿರುಗಿ ಮಲಗಿದ್ಲು, ಎದ್ದೇಳ್ಲಿಲ್ಲ.” ಮೈಲಮ್ಮ ಮೂಗು ಒರೆಸ್ಕೊಂಡ್ಲು. “ಎರಡು ವರ್ಷ ಆತು ತಲೆ ಕೆಡಿಸ್ಕೊಂಡು. ದಾವಣಗೆರೆಯಿಂದ ಇನ್ಶೂರೆನ್ಸಿನವ ಬಂದ್ರೆ ಅವನ್ನ ಕೇಳ್ದೆ, ಬಳೆಗಾರ ಬಂದ್ರೆ ಅವನ್ನ ಕೇಳ್ದೆ, ನಮ್ಮವ್ವ ನಿಮಗೇನಾರ ಹೇಳಿದ್ಲೇನ್ರಿ ಅಂತ. ಹುಚ್ಚಿ ಅಂದ್ಕೊಂಡ್ರು.”

ಪರಶುರಾಮ ಆ ಮಾತನ್ನ ಮನಸಿನಾಗೇ ಮತ್ತೆ ಅಂದ್ಕೊಂಡ. ಮರ್ಯಾದಸ್ತರು. ಹೇಳೇ ಹೇಳ್ತಾರೆ. ಅವ್ವ ಅವನನ್ನ ಮರೆತಿದ್ಲು, ಮರೆತೂ ನಂಬಿದ್ಲು. ಆ ದಾವಣಗೆರೆಯವ್ರು ಮಾತು ಮುಟ್ಟಿಸಿದ್ರು. ಮಗ ದೋಸೆನೂ ಕಟ್ಟಿಸಿದ್ದ. ದಾರಿ ಒಂದು ಉಳಿದಿತ್ತು, ಅಷ್ಟೇ.

“ತಿಂದ್ಯೇನು ಅದನ್ನ?”

“ಒಂದು ತುತ್ತು.”

“ಉಳಿದದ್ದು?”

“ತಟ್ಟೆಯಾಗೇ ಬಿಟ್ಟು ಎದ್ದೆ.”

“ಅದೇ ನೋಡು ತಪ್ಪು. ತಟ್ಟೆಯಾಗೆ ಬಿಟ್ಟು ಎದ್ರೆ ಅವ್ವ ಸುಮ್ನಿರ್ತಿದ್ಲಾ? ಹೊಡೀತಿದ್ಲು.” ಚಪ್ಪಲಿ ಬಿಟ್ಟು ಬಂದು ಸ್ಟೂಲಿನ ಮೇಲೆ ಕುಂತ್ಲು. “ಸುಳ್ಳ. ಹಡಬೆ. ಎರಡು ಸಾವಿರದ ಮುನ್ನೂರು ಜನದ ಹತ್ರ ಸಹಿ ಹಾಕಿಸೀನಲ್ಲೋ ನಿನ್ನ ದೋಸೆ ಸಂಬಂಧ” ಅಂತ ಅವನ ತೋಳಿಗೆ ಒಂದು ಹೊಡೆದ್ಲು. ಏಟು ಸರಿಯಾಗೇ ಬಿತ್ತು. “ಕಾಗೆ ಯಾಕಲೇ ಮುಟ್ಟಿತು ಹಂಗಾದ್ರೆ? ನಾನು ಗೇಟು ಅಂದ ಕೂಡ್ಲೇ ಬಂತಲ್ಲ!”

“ಅದಕ್ಕೆ ಹಸಿವಾಗಿತ್ತೇನೋ ಅಕ್ಕ.”

ಅಡಿಗೆಮನೆಯಾಗೆ ಪುಷ್ಪಲತಾ ಸೆರಗು ಬಾಯಿಗೆ ಒತ್ಕೊಂಡ ಸದ್ದು ಕೇಳ್ತು. ಮೈಲಮ್ಮ ನಗಲಿಲ್ಲ. ನಗದೇ ಇರೋಕೆ ಮಂಡಕ್ಕಿ ಬಾಯಿಗೆ ಹಾಕ್ಕೊಂಡು ಅಗಿದ್ಲು.

“ಅರ್ಜಿ ಏನ್ ಮಾಡ್ತೀಯಕ್ಕ?”

“ಯಾಕೆ, ಗೇಟು ದಿನಾ ಬೀಳೋದು ಸುಳ್ಳೇನು? ಆ ಜನ ಎಲ್ಲಾ ನಿನ್ನ ಮುಖ ನೋಡಿ ಸಹಿ ಹಾಕ್ಯಾರೇನು, ತಮ್ಮ ತಮ್ಮ ಕಷ್ಟಕ್ಕೆ ಹಾಕ್ಯಾರೆ. ಕೊಡ್ತೀನಿ. ಬ್ಯಾನರ್ ಮ್ಯಾಲೆ ಅವ್ವ ಬ್ಯಾಡ, ಅವಳ ಬಾಯಾಗೆ ಸುಳ್ಳು ಹಾಕೋದು ಬ್ಯಾಡ.” ಪರದೆ ಕಡೆ ಬೆರಳು ಮಾಡಿದ್ಲು. “ಅದ್ರಾಗೆ ಎರಡು ತೆಗೆ. ಒಂದು ಇರ್ಲಿ. ಅವ್ವನ ಫೋಟೋಗಳ ಜೊತಿಗೇ ಇಡು, ಸೀರೆ ಜೊತೆ ಬ್ಯಾಡ.”

ಎರಡು ತೆಗೆದ. ಒಂದು ಇಟ್ಟ. ಅವ್ವನ ಇನ್ನೂರ ಹದಿನೇಳರ ಪಕ್ಕ ಅದು ಹೋಗಿ ಕುಂತಿತು.

ಮಧ್ಯಾಹ್ನ ಅಕ್ಕನ್ನ ಬಿಟ್ಟು ಬರೋಕೆ ಪರಶುರಾಮ ಸ್ಕೂಟಿ ತೆಗೆದ. ಹೋಗ್ತಾ ಅದೇ ಹೋಟೆಲಿನ ಮುಂದೆ ನಿಲ್ಲಿಸು ಅಂದ್ಲು. ಎರಡು ದೋಸೆ ಕಟ್ಟಿಸಿದ್ಲು, ಪೊಟ್ಟಣ ತೊಡೆ ಮೇಲೆ ಇಟ್ಕೊಂಡ್ಲು. ಬಾತಿ ದಾಟುವಾಗ ಕೆರೆ ಕಡೆಯಿಂದ ತಣ್ಣನೆ ಗಾಳಿ ಬಂತು. ಅವ್ವನ ಪೊಟ್ಟಣವನ್ನ ಅವತ್ತು ಅವನು ಇದೇ ಕೆರೆ ದಂಡೆ ಮೇಲೆ ಇಟ್ಟು ಹಿಂದಕ್ಕೆ ನೋಡದೆ ಹೋಗಿದ್ದ. ಇಲ್ಲೇ ಇಟ್ಟಿದ್ದಕ್ಕ ಅಂದ. “ಇಲ್ಲಿಯ ಕಾಗೆ ಪುಣ್ಯ ಮಾಡಿದ್ವು” ಅಂದ್ಲು ಹಿಂದಿನ ಸೀಟಿನಿಂದ.

ಹರಿಹರದಾಗೆ ಓಣಿ ತಿರುಗೋ ಹೊತ್ತಿಗೆ ಗಂಟೆ ಬಾರಿಸ್ತು. ಅವರ ಮೂಗಿನ ಮುಂದೇನೇ ಗೇಟು ಬಿತ್ತು. ಎಡಕ್ಕೊಂದು ಟ್ರ್ಯಾಕ್ಟರು, ಬಲಕ್ಕೊಂದು ಆಟೋ, ಹಿಂದೆ ಹಾರನ್ನು. ರೈಲು ಎಲ್ಲೂ ಕಾಣ್ಲಿಲ್ಲ. ಮೈಲಮ್ಮ ಇಳಿದು ಆ ಗೇಟನ್ನ ಮೇಲಿಂದ ಕೆಳಗಿನವರೆಗೆ ನೋಡಿದ್ಲು, ಎರಡು ವರ್ಷ ಬೈದ ಮೇಲೆ ನಿರಪರಾಧಿ ಅಂತ ಗೊತ್ತಾದವನನ್ನ ನೋಡಿದಂಗೆ. ಆದ್ರೂ ಬಿಡಲಿಲ್ಲ. “ನೋಡು, ಇವತ್ತಂತೂ ನಿಜವಾಗ್ಲೂ ಬಿದ್ದೈತೆ. ತೆಗಿ ಒಂದು ಫೋಟೋ. ಅರ್ಜಿಗೆ ಹಚ್ಚಣ.”

ಫೋನು ತೆಗೆದ. ಅಭ್ಯಾಸಕ್ಕೆ, ಜಾಗ ಇಲ್ಲ ಅಂತ ಬರ್ತೈತೆ ಅಂತ ಕಾದ. ಬರಲಿಲ್ಲ. ಅಷ್ಟು ಜಾಗ ಇತ್ತು ಒಳಗೆ. ಗೇಟು, ಅದರ ಮುಂದೆ ಪೊಟ್ಟಣ ಬಿಚ್ಚಿ ನಿಂತ ಅಕ್ಕ, ಕೆಂಪು ಬಿಳಿ ಕಂಬಿಯ ಮೇಲೆ ಎಲ್ಲಿಂದಲೋ ಬಂದು ಕುಂತ ಒಂದು ಕಾಗೆ. ಮೈಲಮ್ಮ ದೋಸೆಯ ಒಂದು ತುಂಡು ಮುರಿದು ಕಂಬಿ ಕೆಳಗೆ ಇಟ್ಲು. ಯಾವ ಆಣೆನೂ ಮಾಡಲಿಲ್ಲ. ಕಾಗೆ ಸುತ್ತ ನಡೀಲಿಲ್ಲ, ಯೋಚನೆ ಮಾಡಲಿಲ್ಲ. ಇಳಿದು ಬಂದು ತಗಂಡು ಹೋಯ್ತು.

“ಹಿಡಿ, ಬಿಸಿ ಐತೆ ಇನ್ನೂ” ಅಂತ ಅಕ್ಕ ಇನ್ನೊಂದು ಎಲೆ ಅವನ ಕೈಗೆ ಕೊಟ್ಲು. “ಈ ಸಲ ಪೂರಾ ತಿನ್ನು. ರೈಲು ಬರೋ ತನಕ ಟೈಮ್ ಐತೆ.”